ಅಂಚಿನಲ್ಲೊಂದು ‘ಇರಲಿ’

ಫೆಬ್ರವರಿ ೩

ಅಕ್ಕ,

ವಾರಕ್ಕೊಂದು ಪತ್ರ ಎಂದು ಒಪ್ಪಿಕೊಂಡವಳೂ ನಾನೇ, ಎರಡು ವಾರ ತಪ್ಪಿಸಿದವಳೂ ನಾನೇ. ಬೈಯುವುದಿದ್ದರೆ ಅಂಚಿನಲ್ಲಿ ಬೈ, ಜಾಗ ಬಿಟ್ಟು ಬರೆಯುತ್ತಿದ್ದೇನೆ. ಒಂಬತ್ತನೇ ತರಗತಿ ಬಿಟ್ಟ ದಿನ ನೀನು ಹಾಕಿದ ಷರತ್ತು ಮರೆತಿಲ್ಲ. "ಶಾಲೆ ಬಿಟ್ಟರೆ ಬಿಡು, ಬರೆಯೋದು ಬಿಡಬೇಡ. ನೀನು ಬರೆದದ್ದನ್ನ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸ್ತೀನಿ" ಅಂದಿದ್ದೆ. ಐದು ವರ್ಷದಿಂದ ನನ್ನ ಪತ್ರಗಳೆಲ್ಲ ಮೈತುಂಬ ಗಾಯ ಮಾಡಿಕೊಂಡು ಮನೆಗೆ ಬರುತ್ತಿವೆ. ಅಮ್ಮ ಅವನ್ನು ಟ್ರಂಕಿನಲ್ಲಿಟ್ಟು, "ಒಬ್ಬಳು ಬರೀತಾಳೆ, ಇನ್ನೊಬ್ಬಳು ಗೀಚ್ತಾಳೆ, ಅಂಚೆಯವನು ಬದುಕಿಕೊಂಡ" ಅನ್ನುತ್ತಾಳೆ.

ಹೌದು, ಕೆಲಸ ಇನ್ನೂ ಬಿಟ್ಟಿಲ್ಲ. ಬಟ್ಟೆ ಅಂಗಡಿ ನಾಲ್ಕು ತಿಂಗಳು, ಔಷಧಿ ಅಂಗಡಿ ಎರಡು ತಿಂಗಳು. ಈ ನೀರು ಸರಬರಾಜು ಕಚೇರಿಯಲ್ಲಿ ಮಾತ್ರ ಒಂದೂವರೆ ವರ್ಷ ಕುಂಡಿ ಊರಿದ್ದೇನೆ, ನನಗೇ ಆಶ್ಚರ್ಯ. ಕುಳಿತು ಮಾಡುವ ಕೆಲಸವಲ್ಲ, ಅದಕ್ಕೇ ಇರಬೇಕು. ಬೀದಿ ನಲ್ಲಿಯ ಬಾಯಿ ಒರೆಸು, ಸ್ಪಿರಿಟ್ ಅದ್ದಿದ ಹತ್ತಿ ಹೊತ್ತಿಸಿ ಸುಡು, ಎರಡು ನಿಮಿಷ ನೀರು ಹರಿಯಲು ಬಿಡು, ಆಮೇಲೆ ಸೀಸೆಗೆ ಹಿಡಿ. ಮೇಲೆ ಒಂದು ಬೆರಳು ಜಾಗ ಬಿಡು. ಅಲ್ಲೇ ನಿಂತು ಚೀಟಿ ಬರೆ: ಬೀದಿ, ಹೊತ್ತು, ಸಹಿ. ಐಸ್ ಪೆಟ್ಟಿಗೆಗೆ ಹಾಕಿ ಪ್ರಯೋಗಾಲಯಕ್ಕೆ ಓಡು. ನನ್ನ ಚೀಟಿಯ ಮೇಲೆ ಇಡೀ ಊರು ನೀರು ಕುಡಿಯುತ್ತದೆ.

ಈಗ ಏಳನೇ ಬೀದಿಯಲ್ಲಿ ಜನರ ಕಣ್ಣು ಹಳದಿಯಾಗುತ್ತಿದೆ. ಹೋದ ವಾರ ಮೂರು ಮನೆ, ಈ ವಾರ ಹನ್ನೊಂದು. ಕಾಮಾಲೆ ಎಂದು ಕೂಸಿಗೂ ಗೊತ್ತು. ಆದರೆ ಏಪ್ರಿಲ್‌ನಲ್ಲಿ ನಗರಸಭೆ ಚುನಾವಣೆ, ಹಾಗಾಗಿ ಆ ಪದ ಆಡುವಂತಿಲ್ಲ. ಆಸ್ಪತ್ರೆಯ ಗೋಡೆಗೆ ಆರೋಗ್ಯಾಧಿಕಾರಿ ಅಂಟಿಸಿದ ಕಾಗದದಲ್ಲಿ ‘ಋತುಮಾನದ ಆಯಾಸ’ ಎಂದಿದೆ. ಯಾವ ಋತುವಿಗೆ ಅಕ್ಕ, ಉಚ್ಚೆ ಚಹಾ ಬಣ್ಣಕ್ಕೆ ತಿರುಗುತ್ತದೆ? ಕೆಳಗೆ ಹೊಸ ನಿಯಮ ಬೇರೆ: ಅಧಿಕೃತವಲ್ಲದ ರೋಗದ ಸುದ್ದಿ ಹಬ್ಬಿಸಿದವರಿಗೆ ಆರು ತಿಂಗಳ ಶಿಕ್ಷೆ. ಅದು ನಿಮ್ಮ ಸರ್ಕಾರಿ ಮುದ್ರಣಾಲಯದಿಂದಲೇ ಬಂದದ್ದು, ನಿನ್ನ ಕೈಯಲ್ಲೇ ಹಾದು ಬಂದಿರಬೇಕು. ಒಂದು ಕಾಗುಣಿತದ ತಪ್ಪೂ ಇಲ್ಲ. ಅಷ್ಟು ಕೆಟ್ಟ ಮಾತನ್ನು ಎಷ್ಟು ಶುದ್ಧವಾಗಿ ಅಚ್ಚು ಹಾಕುತ್ತೀರಿ!

ಹೊಲಿಗೆ ಅತ್ತಿಗೆ ನೆನಪಿದ್ದಾಳಾ? ಏಳನೇ ಬೀದಿಯ ಮೂಲೆಮನೆ. ಬೀದಿಗೆಲ್ಲ ಅವಳು ಅತ್ತಿಗೆಯೇ. ನನ್ನ ಸೀಸೆಗಳಿಗೆಂದು ಆರು ಜೇಬಿನ ಚೀಲ ಹೊಲಿದುಕೊಟ್ಟವಳು. ಈಗ ಏಳು ತಿಂಗಳ ಬಸುರಿ. ಮೊನ್ನೆ ಮಷೀನು ನಿಲ್ಲಿಸಿ ಕೇಳಿದಳು: "ನೀನೇ ಅಲ್ವೇನೇ ನೀರು ಪರೀಕ್ಷೆಗೆ ಕೊಡೋಳು? ಕುಡೀಬಹುದಾ ಹೇಳಿಬಿಡು, ಕಡ್ಡಿ ಮುರಿದ ಹಾಗೆ. ಸುಮ್ಮನೆ ನಿನಗೆ ಕಡ್ಡಿ ಅಂತ ಹೆಸರಿಟ್ಟಿದಾರಾ?" ಜನವರಿ ವರದಿಯಲ್ಲಿ ಚೆನ್ನಾಗಿದೆ ಅಂತ ಬಂದಿದೆ ಅತ್ತಿಗೆ, ಎಂದೆ. ನಕ್ಕು ಮತ್ತೆ ಮಷೀನು ತುಳಿದಳು.

ಕಡ್ಡಿ

ಫೆಬ್ರವರಿ ೧೧

ಕಡ್ಡಿ,

ನಿನ್ನ ಪತ್ರ ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಹತ್ತೊಂಬತ್ತು ತಪ್ಪು. ‘ಕುಂಡಿ ಊರಿದ್ದೇನೆ’ ಎಂಬುದನ್ನು ತಪ್ಪಿಗೆ ಸೇರಿಸಿಲ್ಲ. ಎದುರು ಮೇಜಿನ ಹಿರಿಯರಿಗೆ ಓದಿ ಹೇಳಿದೆ, ಹದಿನೈದು ದಿನದ ಮೇಲೆ ಮೊದಲ ಸಲ ನಕ್ಕರು.

ಆ ನಿಯಮ ನನ್ನ ಕೈಯಲ್ಲೇ ಬಂತು. ನಮ್ಮ ಕೋಣೆಯಲ್ಲಿ ಒಬ್ಬರು ಮೂಲಪ್ರತಿ ಜೋರಾಗಿ ಓದುತ್ತಾರೆ, ಇನ್ನೊಬ್ಬರು ಕರಡಚ್ಚಿನಲ್ಲಿ ಬೆರಳಿಟ್ಟು ನೋಡುತ್ತಾರೆ. ಅರ್ಥ ನೋಡುವುದಕ್ಕೆ ನಮಗೆ ಸಂಬಳವಿಲ್ಲ. ಕೆಲಸಕ್ಕೆ ಸೇರುವಾಗ ಪ್ರಮಾಣ ಮಾಡಿಸಿಕೊಂಡಿದ್ದಾರೆ: ಅಚ್ಚಿಗೆ ಬಂದ ಕಾಗದದ ಬಗ್ಗೆ, ಅದು ಪ್ರಕಟವಾಗುವ ತನಕ, ಹೊರಗೆ ಒಂದಕ್ಷರ ಆಡುವಂತಿಲ್ಲ, ಬರೆಯುವಂತಿಲ್ಲ. ಹದಿನಾಲ್ಕು ವರ್ಷ ಆಡಿಲ್ಲ. ನೀನು ಅದನ್ನು ಹೇಡಿತನ ಎಂದುಕೊಳ್ಳುತ್ತೀಯ. ಅಂದುಕೋ.

ಅಮ್ಮನಿಗೆ ನೀರು ಕುದಿಸಿಯೇ ಕೊಡು. ಹೊಲಿಗೆಯಾಕೆಗೂ ಹೇಳು, ಕುದಿಸಿ ಕುಡಿಯಲಿ ಎಂದು. ಇವತ್ತೇ ಹೇಳು.

ಒಂದು ಕಡೆ ಗೆರೆ ಎಳೆದಿದ್ದೇನೆ, ನೋಡು. ನೀನು ‘ಚೆನ್ನಾಗಿದೆ’ ಎನ್ನುವವಳು, ಇಲ್ಲವೇ ‘ಚೆನ್ನಾಗಿಲ್ಲ’ ಎನ್ನುವವಳು. ‘ಚೆನ್ನಾಗಿದೆ ಅಂತ ಬಂದಿದೆ’ ಎಂಬುದು ಕಚೇರಿಯವರ ಬಾಯಿ. ನಿನ್ನ ಪತ್ರದಲ್ಲಿ ಅದು ಯಾಕೆ ಬಂತು? ಜನವರಿಯ ಸೀಸೆ ತುಂಬಿದವರು ಯಾರು?

ಅಕ್ಕ

ಫೆಬ್ರವರಿ ೨೬

ಅಕ್ಕ,

ಹೊಲಿಗೆ ಅತ್ತಿಗೆ ತೀರಿಕೊಂಡಳು. ಮೊನ್ನೆ, ಮಧ್ಯಾಹ್ನ ಮೂರು ಗಂಟೆಗೆ. ಒಳಗಿನ ಕೂಸೂ ಹೋಯಿತು. ಬಸುರಿಯರಿಗೆ ಈ ಕಾಮಾಲೆ ಬಂದರೆ ಹೀಗೇ ಆಗುತ್ತದಂತೆ, ನರ್ಸಮ್ಮ ಬಾಗಿಲ ಮರೆಯಲ್ಲಿ ನಿಂತು ಹೇಳಿದಳು, ಹೇಳಿ ಹಿಂದೆ ಮುಂದೆ ನೋಡಿಕೊಂಡಳು. ಮರಣ ಪತ್ರದಲ್ಲಿ ಏನು ಬರೆದಿದ್ದಾರೆ ಗೊತ್ತಾ? ‘ಹೆರಿಗೆಯ ತೊಡಕು’. ಹೆರಿಗೆ ಎಲ್ಲಾಯಿತು? ಕಾಲಮ್ಮಿನಲ್ಲಿ ಒಂದು ಸುಳ್ಳು ಕೂರಿಸಿದರೆ ಸತ್ತವಳು ಲೆಕ್ಕದಿಂದಲೇ ಹೊರಗೆ! ಕಾಮಾಲೆಯಿಂದ ಸತ್ತವರು ಎಷ್ಟು ಎಂದು ಯಾರಾದರೂ ಕೇಳಿದರೆ ಸೊನ್ನೆ ತೋರಿಸುತ್ತಾರೆ.

ನಿನ್ನೆ ಆರೋಗ್ಯಾಧಿಕಾರಿ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದ. ಜನವರಿಯ ಆರು ಮಾದರಿಗಳೂ ಶುದ್ಧವಾಗಿವೆ, ನೀರಿನಲ್ಲಿ ದೋಷವಿಲ್ಲ, ನಿವಾಸಿಗಳು ಪಾತ್ರೆಗಳನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕು ಎಂದ. ಅತ್ತಿಗೆಯ ಅತ್ತೆ ಒಳಗಿನಿಂದ ಕೊಡ ತಂದು ಜೀಪಿನ ಮುಂದಿಟ್ಟಳು. ಮುಖ ಕಾಣುವಷ್ಟು ಬೆಳಗಿದ ಕೊಡ. "ನೋಡ್ಕೋ, ನಿನ್ನ ಮುಖ ಇದೆ ಅದರಲ್ಲಿ. ಬೇರೆ ಏನು ಕೊಳಕು ಕಾಣ್ತದೆ ಹೇಳು" ಎಂದಳು. ಜನ ನಗಬೇಕೋ ಅಳಬೇಕೋ ತಿಳಿಯದೆ ನಿಂತರು. ಜೀಪು ಹಿಂದಕ್ಕೆ ಹೋಯಿತು. ಆಮೇಲೆ ಬೀದಿಯವರೆಲ್ಲ ಕೊಡ, ಬಕೆಟ್ಟು, ಚೊಂಬು ಹೊತ್ತುಕೊಂಡು ಹೋಗಿ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಬಂದಿದ್ದಾರೆ. ಇವತ್ತು ಒಳಗೆ ಹೋಗಲು ನಾನು ಅವುಗಳ ಮಧ್ಯೆ ಕಾಲಿಡಬೇಕಾಯಿತು. ವಿಚಾರಣಾ ಸಮಿತಿ ಆಗಲೇಬೇಕು ಎಂದು ಹಟ ಹಿಡಿದಿದ್ದಾರೆ.

ನೀನು ಹೇಳಿದ ಹಾಗೆ ಕುದಿಸಿ ಕುಡಿ ಎಂದು ಹೇಳಲು ಹೋಗಿದ್ದೆ. ಪತ್ರ ಬಂದ ದಿನವೇ ಹೋಗಿದ್ದೆ. ಆಗಲೇ ಅವಳ ಕಣ್ಣು ಹಳದಿಯಾಗಿತ್ತು.

ಮೈಯೆಲ್ಲ ಉರಿಯುತ್ತಿದೆ. ಇನ್ನು ಬರೆಯಲಾರೆ.

ಕಡ್ಡಿ

ಮಾರ್ಚ್ ೫

ಕಡ್ಡಿ,

ಸುದ್ದಿ ಓದಿ ನಿನ್ನ ಪತ್ರವನ್ನು ತಿದ್ದಲು ಕೈ ಬರಲಿಲ್ಲ. ಹಾಗೇ ವಾಪಸು ಕಳಿಸಿದ್ದೇನೆ. ಅಮ್ಮನ ಕಣ್ಣು ದಿನಾ ನೋಡುತ್ತಿರು.

ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಕೇಳಿದ್ದಕ್ಕೆ ಉತ್ತರ ಬರೆಯದೆ ಬಿಟ್ಟದ್ದು ಐದು ವರ್ಷದಲ್ಲಿ ಇದೇ ಮೊದಲು.

ಅಕ್ಕ

ಮಾರ್ಚ್ ೧೨

ಅಕ್ಕ,

ನಾನೇ ತುಂಬಿದ್ದು.

ಜನವರಿ ೧೯. ಏಳನೇ ಬೀದಿಗೆ ನೀರು ಬಿಡುವುದು ಮೂರು ದಿನಕ್ಕೊಮ್ಮೆ, ಅವತ್ತು ಬಿಡುವ ದಿನವಲ್ಲ. ನಾನು ಖಾಲಿ ಸೀಸೆ ಹಿಡಿದು ವಾಪಸು ಬಂದೆ. ಇಂಜಿನಿಯರ್ ಸಾಹೇಬರು ಕಚೇರಿಯ ಹಿತ್ತಲಲ್ಲಿ ಸ್ಕೂಟರ್ ಒರೆಸುತ್ತಿದ್ದರು. "ಇವತ್ತೇ ಆರು ಮಾದರಿ ಹೋಗಬೇಕಮ್ಮ, ಮೇಲಿಂದ ಫೋನಿನ ಮೇಲೆ ಫೋನು" ಎಂದರು. ಅಲ್ಲಿ ನೀರೇ ಇಲ್ಲ ಸಾರ್ ಎಂದೆ. ಹಿತ್ತಲ ನಲ್ಲಿ ತೋರಿಸಿದರು. "ಇದೂ ಅದೇ ಟ್ಯಾಂಕಿಂದು, ಅದೂ ಅದೇ ಟ್ಯಾಂಕಿಂದು. ನೀರು ಒಂದೇ ತಾನೇ?"

ನೀರು ಒಂದೇ ತಾನೇ. ನನಗೂ ಸರಿ ಅನಿಸಿತು ಅಕ್ಕ. ಅದೇ ಹೊಟ್ಟೆಗೆ ಬೆಂಕಿ ಇಟ್ಟಿರುವುದು. ಹೆದರಿಸಿ ಮಾಡಿಸಿದ್ದರೆ ಅವರನ್ನು ಬೈದುಕೊಂಡು ಇರಬಹುದಿತ್ತು. ನಲ್ಲಿಯ ಬಾಯಿ ಒರೆಸಿದೆ, ಸುಟ್ಟೆ, ಎರಡು ನಿಮಿಷ ಎಣಿಸಿ ನೀರು ಬಿಟ್ಟೆ. ಎಲ್ಲ ನಿಯಮ ಪಾಲಿಸಿದೆ! ಒಂದೇ ನಲ್ಲಿಯಿಂದ ಆರು ಸೀಸೆ ತುಂಬಿ ಆರು ಚೀಟಿಯಲ್ಲಿ ಏಳನೇ ಬೀದಿಯ ಆರು ನಲ್ಲಿಗಳ ಹೆಸರು ಬರೆದೆ. ನೀನು ಮೆಚ್ಚುವ ದುಂಡು ಅಕ್ಷರದಲ್ಲಿ. ಟ್ಯಾಂಕಿನಿಂದ ಆ ಬೀದಿಗೆ ಹೋಗುವ ಕೊಳವೆ ಚರಂಡಿಯ ಪಕ್ಕದಲ್ಲೇ ಹೋಗುತ್ತದೆ ಎಂದು ನನಗೂ ಗೊತ್ತಿತ್ತು, ನೆನಪಾಗಲಿಲ್ಲ. ಆ ಆರು ಚೀಟಿ ಹಿಡಿದುಕೊಂಡೇ ಅವರು ಈಗ ಮೈಕಿನಲ್ಲಿ ಕೂಗುತ್ತಿರುವುದು.

ಸಮಿತಿ ಆಗಿದೆ. ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು. ಮಾರ್ಚ್ ೨೮ಕ್ಕೆ ನನಗೆ ಸಾಕ್ಷಿ ಹೇಳಲು ನೋಟೀಸು ಬಂದಿದೆ. ಇಂಜಿನಿಯರ್ ಸಾಹೇಬರು ನಿನ್ನೆ ಚಹಾ ತರಿಸಿಕೊಟ್ಟರು; ಒಂದೂವರೆ ವರ್ಷದಲ್ಲಿ ಮೊದಲ ಚಹಾ. "ನೋಡಮ್ಮ, ಚೀಟಿಯಲ್ಲಿ ಇರೋ ಅಕ್ಷರ ನಿಂದು, ಸಹಿ ನಿಂದು. ನಾನು ಹೇಳಿದೆ ಅನ್ನೋದಕ್ಕೆ ಏನಿದೆ? ಸುಳ್ಳು ಚೀಟಿ ಬರೆದೋಳು ಅಂತ ನಿನ್ನನ್ನೇ ಒಳಗೆ ಹಾಕ್ತಾರೆ. ಮಾದರಿ ಸಂಗ್ರಹಿಸಿದೆ, ಪ್ರಯೋಗಾಲಯಕ್ಕೆ ಕೊಟ್ಟೆ ಅಂತ ಎರಡು ಸಾಲು ಹೇಳಿ ಬಾ. ಅದು ಸುಳ್ಳಲ್ಲವಲ್ಲ?" ಅಲ್ಲ. ಸುಳ್ಳಲ್ಲ. ಅತ್ತಿಗೆಗೆ ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲ.

ಹೇಳಿಕೆಯ ಕರಡು ಇದರೊಂದಿಗಿದೆ. ಮೊದಲು ಎಲ್ಲ ಬರೆದೆ. ಆಮೇಲೆ ಹಿತ್ತಲ ನಲ್ಲಿಯ ಆ ಒಂದು ಸಾಲನ್ನು ಹೊಡೆದು ಹಾಕಿದೆ. ಅಮ್ಮ ಪಕ್ಕದಲ್ಲಿ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದಳು. ಅವಳ ಕೈ ನೋಡಿದೆ, ಹೊಡೆದು ಹಾಕಿದೆ. ನಾನು ಒಳಗೆ ಹೋದರೆ ಅವಳಿಗೆ ನೀರು ಕುದಿಸುವವರು ಯಾರು?

ನನಗೆ ಇಂಥ ಕಡೆ ಯೋಚನೆ ಓಡುವುದಿಲ್ಲ. ನೀನು ಒಂದು ಮಾತು ಹೇಳು. ಒಂದೇ ಮಾತು. ಹಾಗೇ ಮಾಡುತ್ತೇನೆ.

ಕಡ್ಡಿ

ಮಾರ್ಚ್ ೨೪

ಅಕ್ಕ,

ನಿನ್ನ ಲಕೋಟೆ ಬಂತು. ಅಲುಗಾಡಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಒಳಗೆ ನನ್ನ ಕರಡು ಬಿಟ್ಟರೆ ನಿನ್ನದೊಂದು ಚೂರು ಕಾಗದವೂ ಇಲ್ಲ. ನಾಲ್ಕು ಕಡೆ ಕಾಗುಣಿತ ತಿದ್ದಿದ್ದೀಯ. ಒಂದು ಕಡೆ ಅಲ್ಪವಿರಾಮ ಹಾಕಿದ್ದೀಯ. ನಾನು ಹೊಡೆದು ಹಾಕಿದ ಸಾಲಿನ ಕೆಳಗೆ ಉದ್ದಕ್ಕೂ ಚುಕ್ಕಿ ಚುಕ್ಕಿ, ಏನು ಬರೆಯಲಿ ಎಂದು ಪೆನ್ನು ಕುಟ್ಟುತ್ತ ಕುಳಿತಿದ್ದೆಯೇನೋ. ಕುಟ್ಟಿ ಕುಟ್ಟಿ ಕೊನೆಗೆ ಅಂಚಿನಲ್ಲಿ ಬರೆದದ್ದು ಮೂರಕ್ಷರ: ಇರಲಿ.

ಇರಲಿ!

ನಾನು ಒಂದು ಮಾತು ಕೇಳಿದ್ದು ಹೌದು. ಇದನ್ನಾ ಕೇಳಿದ್ದು? ಈ ಊರನ್ನು ಹಾಳು ಮಾಡಿದ್ದೇ ಈ ಮಾತು. ಕೊಳವೆ ಸೋರುತ್ತಿದೆ ಸಾರ್ ಎಂದರೆ ಇರಲಿ. ಬೀದಿಯಲ್ಲಿ ಹನ್ನೊಂದು ಮನೆಗೆ ಕಾಮಾಲೆ ಎಂದರೆ ಇರಲಿ, ಚುನಾವಣೆ ಮುಗಿಯಲಿ. ಮರಣ ಪತ್ರದಲ್ಲಿ ತಪ್ಪಿದೆ ಎಂದು ಅತ್ತಿಗೆಯ ಗಂಡ ಮೂರು ಸಲ ಹೋದ, ಗುಮಾಸ್ತ ತಲೆಯನ್ನೂ ಎತ್ತದೆ ಇರಲಿ ಬಿಡಪ್ಪ, ಹೋದವಳು ಬರ್ತಾಳಾ ಎಂದನಂತೆ. ಕಳ್ಳ ಓಟು ಬಿದ್ದರೆ ಇರಲಿ, ವಾರ್ಡಿನವನು ಐದು ವರ್ಷ ಮುಖ ತೋರಿಸದಿದ್ದರೆ ಇರಲಿ, ಬಾಯಿ ಬಿಟ್ಟವರಿಗೆ ಆರು ತಿಂಗಳು ಎಂಬ ನಿಯಮ ಬಂದರೆ ಅದೂ ಇರಲಿ. ಇದನ್ನೆಲ್ಲ ಅವರು ಅಂದಾಗ ನನಗೆ ಸಿಟ್ಟು ಬಂತು. ನೀನು ಬರೆದಾಗ ಏನೋ ಕಿತ್ತು ಬಂದ ಹಾಗಾಯಿತು.

ಶಾಲೆಯಲ್ಲಿ ನಾನು ಮಾಡದ ಕಳ್ಳತನಕ್ಕೆ ತಪ್ಪೊಪ್ಪಿಗೆ ಬರೆದುಕೊಡು ಎಂದಾಗ, ಬರೆಯುವುದಿಲ್ಲ ಎಂದು ಚೀಲ ಎತ್ತಿಕೊಂಡು ಹೊರಗೆ ಬಂದೆನಲ್ಲ, ಅವತ್ತು ಇಡೀ ಮನೆಯಲ್ಲಿ ನನ್ನ ಕಡೆ ನಿಂತವಳು ನೀನೊಬ್ಬಳೇ. ಆ ಅಕ್ಕ ಈಗ ಸರ್ಕಾರದ ಮೇಜಿನ ಹಿಂದೆ ಕುಳಿತು ಅಲ್ಪವಿರಾಮ ಹಾಕುತ್ತಿದ್ದಾಳೆ.

ನಿನ್ನ ಮಾತಿನ ಹಾಗೆ ಮಾಡುತ್ತೇನೆ ಎಂದಿದ್ದೆ. ಮಾಡುವುದಿಲ್ಲ. ಇದನ್ನು ತಿದ್ದಿ ಕಳಿಸುವ ಕಷ್ಟ ತೆಗೆದುಕೊಳ್ಳಬೇಡ.

ಕಡ್ಡಿ

ಮಾರ್ಚ್ ೨೮

ಅಕ್ಕ,

ಸಿಟ್ಟು ಇಳಿದಿಲ್ಲ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡಬೇಕು, ಬರೆಯಲು ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ನಗರಸಭೆಯ ಸಭಾಂಗಣ. ಉದ್ದ ಮೇಜು. ಮೇಜಿನ ಹಿಂದೆ ನ್ಯಾಯಾಧೀಶರು, ಸಮಿತಿಯ ಕಾರ್ಯದರ್ಶಿ, ಆರೋಗ್ಯಾಧಿಕಾರಿ. ಒಬ್ಬೊಬ್ಬರ ಮುಂದೆಯೂ ಅಂಗಡಿಯಿಂದ ತಂದ ಮುಚ್ಚಳದ ನೀರಿನ ಬಾಟಲಿ! ಊರ ನೀರು ಶುದ್ಧವೇ ಎಂದು ವಿಚಾರಿಸಲು ಬಂದವರು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಕಾರ್ಯದರ್ಶಿ ಬಾಟಲಿಯನ್ನು ಫೈಲಿನ ಮರೆಗೆ ಸರಿಸಿದ.

"ಎಷ್ಟನೇ ತರಗತಿ ಓದಿದ್ದೀಯಮ್ಮ?" ನ್ಯಾಯಾಧೀಶರು ಕೇಳಿದರು.

"ಒಂಬತ್ತಕ್ಕೆ ಹೋಗಿದ್ದೆ. ಮುಗಿಸಿಲ್ಲ."

ಆರೋಗ್ಯಾಧಿಕಾರಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಇಂಥವರ ಕೈಗೆ ಸೀಸೆ ಕೊಟ್ಟರೆ ಇನ್ನೇನಾಗುತ್ತೆ ಸಾರ್" ಎಂದ.

"ಸೀಸೆ ಶುದ್ಧ ಅಂತ ಮೈಕಿನಲ್ಲಿ ಕೂಗಿದವರು ನೀವೇ ಅಲ್ವಾ ಸಾರ್? ಅವಾಗ ನಾನು ಎಷ್ಟು ಓದಿದ್ದೆ?" ಎಂದೆ. ಹಿಂದೆ ಯಾರೋ ಕೊಡ ಬಡಿದರು. ಬೀದಿಯ ಹೆಂಗಸರೆಲ್ಲ ಬಂದಿದ್ದರು, ಕೊಡದ ಸಮೇತ.

ನ್ಯಾಯಾಧೀಶರು ಹೇಳಿಕೆ ಓದು ಎಂದರು. ಓದಿದೆ. ಹೊಡೆದು ಹಾಕಿದ ಸಾಲು ಬಂತು. ನಿನ್ನ ‘ಇರಲಿ’ ಪಕ್ಕದಲ್ಲೇ ಕೆಂಪಗೆ ಕಾಣುತ್ತಿತ್ತು. ಅದನ್ನು ನೋಡಿದ್ದಕ್ಕೇ ನನ್ನ ದನಿ ಎರಡು ಪಟ್ಟಾಯಿತು. "ಜನವರಿ ೧೯ರಂದು ಏಳನೇ ಬೀದಿಯ ಹೆಸರು ಬರೆದ ಆರು ಸೀಸೆಗಳನ್ನೂ, ಇಂಜಿನಿಯರ್ ಸಾಹೇಬರ ಮಾತಿನಂತೆ, ನಾನು ತುಂಬಿದ್ದು ಕಚೇರಿಯ ಹಿತ್ತಲ ನಲ್ಲಿಯಿಂದ."

ಇಂಜಿನಿಯರ್ ಎದ್ದು, "ಸಾರ್, ಈ ಹುಡುಗಿಗೆ ತಲೆ ಸರಿಯಿಲ್ಲ" ಎಂದರು. ನ್ಯಾಯಾಧೀಶರು ಅವರನ್ನು ಕೈಸನ್ನೆಯಲ್ಲೇ ಕೂರಿಸಿ ನನ್ನ ಕಡೆ ತಿರುಗಿದರು.

"ಇದನ್ನ ಹೇಳಿದ್ದಕ್ಕೆ ನಿನಗೇ ಶಿಕ್ಷೆ ಆಗಬಹುದು. ಗೊತ್ತಾ?"

"ಗೊತ್ತು. ನಾನು ಮಾಡಿದ್ದು ತಪ್ಪೇ. ನನ್ನ ಚೀಟಿ ಸುಳ್ಳು ಅಂತ ಬರೆದುಕೊಳ್ಳಿ, ಆಮೇಲೆ ಎಲ್ಲಿಗೆ ಬೇಕಾದರೂ ಕಳಿಸಿ. ಆದರೆ ಆ ಚೀಟಿ ಹಿಡಿದು ಏಳನೇ ಬೀದಿಯವರ ಪಾತ್ರೆ ಮೇಲೆ ಗೂಬೆ ಕೂರಿಸಬೇಡಿ."

ಸಾದಾ ಪ್ರತಿಯಲ್ಲಿ ಮತ್ತೆ ಬರೆಸಿ, ಪುಟಪುಟಕ್ಕೂ ಸಹಿ ಹಾಕಿಸಿಕೊಂಡರು. ಹೊರಗೆ ಬರುವಾಗ ಅತ್ತಿಗೆಯ ಅತ್ತೆ ದಾರಿಗೆ ಅಡ್ಡ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ನನ್ನ ಹೆಗಲಿನ ಆರು ಜೇಬಿನ ಚೀಲವನ್ನು ನೋಡಿದಳು. ಒಂದು ಜೇಬಿನ ಹೊಲಿಗೆ ಬಿಟ್ಟಿತ್ತು, ಅದನ್ನು ಎರಡು ಬೆರಳಲ್ಲಿ ಕೂಡಿಸಿ ಹಿಡಿದಳು. ಮತ್ತೆ ಬಿಟ್ಟು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ನೋಡಿದೆಯಾ, ಈ ಕೆಲಸವನ್ನು ನಾನಾಗಿ ಬಿಡಲಿಲ್ಲ.

ಕಡ್ಡಿ

ಏಪ್ರಿಲ್ ೨೨

ಕಡ್ಡಿ,

ವರದಿ ನಿನ್ನೆ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಪ್ರಕಟವಾದ ಮೇಲೆ ನನ್ನ ಪ್ರಮಾಣ ಮುಗಿಯಿತು. ಇನ್ನು ಬರೆಯಬಹುದು. ನಾಲ್ಕು ವಾರ ಬಾಯಿಗೆ ಬೀಗ ಹಾಕಿಕೊಂಡು ನಿನ್ನ ಬೈಗುಳ ತಿಂದಿದ್ದೇನೆ, ಈಗ ಕೂತು ಓದು.

ನಿನ್ನ ಕರಡು ನನ್ನ ಕೈ ಸೇರಿದ್ದು ಮಾರ್ಚ್ ೧೬ಕ್ಕೆ. ಮಾರನೆಯ ದಿನ ನನ್ನ ಮೇಜಿಗೆ ಒಂದು ಕಟ್ಟು ಬಂತು: ನಿಮ್ಮ ಊರಿನ ವಿಚಾರಣಾ ಸಮಿತಿಯ ವರದಿ, ಕೊನೆಯ ಅಧ್ಯಾಯ. ‘ಸಾಕ್ಷಿಗಳನ್ನೆಲ್ಲ ಕೂಲಂಕಷವಾಗಿ ವಿಚಾರಿಸಲಾಗಿ, ನೀರು ಶುದ್ಧವಾಗಿತ್ತೆಂದೂ ನಿವಾಸಿಗಳ ಅಶುಚಿಯೇ ಕಾರಣವೆಂದೂ ಕಂಡುಬಂದಿದೆ.’ ದಿನಾಂಕ ಮತ್ತೆ ನೋಡಿದೆ. ಮಾರ್ಚ್ ೧೭. ನಿಮ್ಮನ್ನು ವಿಚಾರಿಸಲು ಇನ್ನೂ ಹನ್ನೊಂದು ದಿನ ಇತ್ತು! ಎದುರು ಮೇಜಿನ ಹಿರಿಯರು ಮೂಲಪ್ರತಿ ಜೋರಾಗಿ ಓದುತ್ತಿದ್ದರು, ನನ್ನ ಬೆರಳು ಆ ಸಾಲಿನ ಮೇಲೆ ನಿಂತುಬಿಟ್ಟಿತು. "ಯಾಕಮ್ಮ, ತಪ್ಪಿದೆಯಾ?" ಎಂದರು. "ಅಕ್ಷರ ಸರಿಯಾಗಿದೆ ಸಾರ್" ಎಂದೆ. ಹದಿನಾಲ್ಕು ವರ್ಷದಲ್ಲಿ ನನ್ನ ಬಾಯಿಂದ ಬಂದ ಅತಿ ಕೆಟ್ಟ ಮಾತು ಅದು.

ಆ ಗಳಿಗೆಯಿಂದ ಈ ವಿಷಯವಾಗಿ ನಿನಗೆ ಒಂದಕ್ಷರ ಬರೆದರೂ ಪ್ರಮಾಣ ಮುರಿದ ಹಾಗೆ. ಅದಕ್ಕೇ ಲಕೋಟೆಯಲ್ಲಿ ಪತ್ರ ಇರಲಿಲ್ಲ. ಆದರೂ ಮೂರಕ್ಷರ ಬರೆದೆ.

ಕತ್ತೆ, ಆ ಚುಕ್ಕಿಗಳು ಪೆನ್ನು ಕುಟ್ಟಿದ್ದಲ್ಲ. ಅದು ಗುರುತು. ಕರಡು ತಿದ್ದುವಾಗ ಒಮ್ಮೆ ಹೊಡೆದು ಹಾಕಿದ್ದು ಸರಿಯಾಗಿಯೇ ಇತ್ತು ಅನಿಸಿದರೆ, ಅದರ ಕೆಳಗೆ ಚುಕ್ಕಿ ಇಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತೇವೆ. ಆ ಸಾಲು ಇದ್ದ ಹಾಗೇ ಇರಲಿ, ತೆಗೆಯಬೇಡ ಎಂದು. ಉಳಿದ ಗುರುತುಗಳೆಲ್ಲ ನಿನಗೆ ಗೊತ್ತು. ಇದೊಂದು ಗೊತ್ತಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಐದು ವರ್ಷದಲ್ಲಿ ನೀನು ಬರೆದದ್ದನ್ನು ನೀನೇ ಹೊಡೆದು ಹಾಕಿದ್ದು ಒಮ್ಮೆಯೂ ಇಲ್ಲ, ಕಲಿಸುವ ಪ್ರಸಂಗವೇ ಬರಲಿಲ್ಲ.

ನನ್ನ ಮಾತು ಮೀರುತ್ತೇನೆ ಎಂದು ಹೊರಟು ನನ್ನ ಮಾತನ್ನೇ ನಡೆಸಿದ್ದೀಯ. ಹುಟ್ಟಿದ ಮೇಲೆ ಇದೇ ಮೊದಲು.

ಇನ್ನು ಮುಂದಿನದು. ಏಪ್ರಿಲ್ ೧೭ಕ್ಕೆ ಅನುಬಂಧ ಬಂತು, ಮೇಲೆ ‘ತುರ್ತು’ ಮುದ್ರೆ. ತಲೆಬರಹ: ‘ಸಾಕ್ಷಿಗಳ ಹೇಳಿಕೆಗಳು, ಯಥಾವತ್ತು’. ನಾಲ್ಕನೇ ಸಾಕ್ಷಿ ನೀನು. ನಿನ್ನ ದುಂಡು ಅಕ್ಷರ ಕಂಡ ಕೂಡಲೇ ಗುರುತು ಸಿಕ್ಕಿತು. ಆ ಒಂದು ಸಾಲಿನ ಮೇಲೆ ನೀಲಿ ಪೆನ್ಸಿಲಿನ ಗೆರೆ. ಈ ಸಲ ಹೊಡೆದವಳು ನೀನಲ್ಲ. ಗೆರೆಯ ಪಕ್ಕ ಯಾರ ಸಹಿಯೂ ಇರಲಿಲ್ಲ. ನಮ್ಮ ಕೈಪಿಡಿಯಲ್ಲಿ ಇಪ್ಪತ್ತೆರಡನೇ ನಿಯಮ: ಮೂಲಪ್ರತಿಯಲ್ಲಿ ಹೊಡೆದು ಹಾಕಿದ ಕಡೆ ಹೊಡೆದವರ ಸಹಿ ಇರಬೇಕು, ಇಲ್ಲದಿದ್ದರೆ ಸಾಲು ಉಳಿಸಬೇಕು. ಹೊಡೆಯುವ ಧೈರ್ಯ ಇದ್ದವರಿಗೆ ಸಹಿ ಹಾಕುವ ಧೈರ್ಯ ಇರಲಿಲ್ಲ. ನಾನು ಚುಕ್ಕಿ ಇಟ್ಟೆ. ಅಂಚಿನಲ್ಲಿ ‘ಇರಲಿ’ ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ. ತುರ್ತಲ್ಲವೇ? ಸಮಿತಿಗೆ ಮತ್ತೆ ತೋರಿಸದೆ ಅಚ್ಚಾಯಿತು. ಎಂಬತ್ತಮೂರನೇ ಪುಟ.

ಇವತ್ತು ಅಧೀಕ್ಷಕರು ಕರೆದರು. ಪಾಪ, ಕೆಟ್ಟವರಲ್ಲ. "ಅಚ್ಚಿನ ದೋಷ ಅಂತ ಎರಡು ಸಾಲು ಬರೆದುಕೊಡಮ್ಮ, ತಿದ್ದುಪಡಿ ಚೀಟಿ ಅಂಟಿಸಿ ಮುಗಿಸೋಣ. ಹದಿನಾಲ್ಕು ವರ್ಷದಲ್ಲಿ ನಿಂದು ಇದೊಂದೇ ತಪ್ಪು, ಯಾರೂ ಏನೂ ಅನ್ನೋದಿಲ್ಲ" ಎಂದರು.

ನಾನು ಬರೆದುಕೊಟ್ಟದ್ದು ಮೂರು ಸಾಲು. ಇದು ಅಚ್ಚಿನ ದೋಷವಲ್ಲ. ನಿಯಮ ಇಪ್ಪತ್ತೆರಡರಂತೆ ಉಳಿಸಲಾಗಿದೆ. ವರದಿಯ ತೀರ್ಮಾನ ನನ್ನ ಮೇಜಿಗೆ ಬಂದದ್ದು ಮಾರ್ಚ್ ೧೭, ಸಾಕ್ಷಿ ಹೇಳಿದ್ದು ಮಾರ್ಚ್ ೨೮, ಎರಡೂ ಕರಡುಗಳ ಮೇಲಿನ ದಿನಾಂಕದ ಮುದ್ರೆ ದಯವಿಟ್ಟು ಪರಿಶೀಲಿಸಬೇಕು. ಒಂದು ಪ್ರತಿ ನ್ಯಾಯಾಧೀಶರಿಗೂ ಕಳಿಸಿದ್ದೇನೆ. ಸಂಜೆ ಅಮಾನತ್ತಿನ ಆದೇಶ ಕೈಗೆ ಬಂತು. ಎರಡು ಕಾಗುಣಿತ ತಪ್ಪಿತ್ತು. ತಿದ್ದಿ, ಸಹಿ ಹಾಕಿ, ವಾಪಸು ಕೊಟ್ಟೆ.

ನೀನು ಬರೆದ ಮಾತು ನಿಜ ಕಣೇ. ಬಾಯಿ ಬಿಟ್ಟವರಿಗೆ ಆರು ತಿಂಗಳು ಎಂಬ ಆ ನಿಯಮಕ್ಕೂ ನಾನು ಅಲ್ಪವಿರಾಮ ಹಾಕಿದ್ದೇನೆ.

ಅಕ್ಕ

ಏಪ್ರಿಲ್ ೩೦

ಅಕ್ಕ,

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ‘ಕತ್ತೆ’ ಎನ್ನುವ ಕಡೆ ಎರಡು ಸಲ ಓದಿಸಿಕೊಂಡಳು. ಆಮೇಲೆ ಟ್ರಂಕು ತೆಗೆದು ಆ ಕರಡನ್ನು ಹುಡುಕಿ ತಂದು, ಕನ್ನಡಕ ಹಾಕಿಕೊಂಡು ಚುಕ್ಕಿಗಳನ್ನು ಎಣಿಸಿದಳು. "ಐವತ್ತೆರಡು ಇಟ್ಟಿದಾಳೆ. ನಿನಗೆ ಒಂದೂ ಕಾಣಲಿಲ್ಲ" ಎಂದಳು. ನನ್ನ ಮಾರ್ಚ್ ೨೪ರ ಪತ್ರ ಹರಿದು ಹಾಕು ಎಂದು ಕೇಳೋಣ ಅನಿಸಿತು. ಕೇಳುವುದಿಲ್ಲ. ಬರೆದದ್ದು ನಾನೇ.

ಎಂಬತ್ತಮೂರನೇ ಪುಟವನ್ನು ಯಾರೋ ನೂರು ಪ್ರ‌ತಿ ಮಾಡಿಸಿ ಊರೆಲ್ಲ ಅಂಟಿಸಿದರು. ಮತಗಟ್ಟೆಯ ಗೋಡೆಯದನ್ನು ಪೊಲೀಸರು ಕಿತ್ತರು, ಅದು ಪ್ರಚಾರವಂತೆ. "ಸರ್ಕಾರದ್ದೇ ಗೆಜೆಟ್ಟು ಕಣಪ್ಪ" ಎಂದು ಒಬ್ಬರು ಹೇಳಿದ್ದಕ್ಕೆ ಪೊಲೀಸಪ್ಪ ಹಿಂದೆ ಮುಂದೆ ತಿರುವಿ ನೋಡಿ, ಎಲ್ಲಿ ಇಡುವುದು ತಿಳಿಯದೆ, ಮಡಿಸಿ ಜೇಬಿಗೆ ಹಾಕಿಕೊಂಡ. ಏಳನೇ ಬೀದಿಯವರು ಓಟು ಹಾಕಲು ಕೊಡ ಹಿಡಿದುಕೊಂಡೇ ಸಾಲು ನಿಂತಿದ್ದರು. ಯಾರು ಗೆದ್ದರು ಎಂದು ನಾಳಿದ್ದು ಗೊತ್ತಾಗುತ್ತದೆ. ನ್ಯಾಯಾಧೀಶರು ಮಾತ್ರ ತಮ್ಮ ಸಹಿ ವಾಪಸು ತೆಗೆದುಕೊಂಡಿದ್ದಾರೆ. ಆ ಅಧ್ಯಾಯ ತಾವು ಬರೆದದ್ದಲ್ಲವಂತೆ. ಹಾಗಾದರೆ ಯಾರು ಬರೆದರು, ಓದದೆ ಸಹಿ ಯಾಕೆ ಹಾಕಿದರು ಎಂದು ಕೇಳುವವರು ಇಲ್ಲ.

ಮೊನ್ನೆ ಕೊಳವೆ ಅಗೆದರು. ನಾನೂ ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ಚರಂಡಿಯೊಳಗೇ ಹಾದುಹೋಗಿದೆ, ಹೆಬ್ಬೆರಳು ತೂರುವಷ್ಟು ತೂತು. ಅದಕ್ಕಿಂತ ದೊಡ್ಡ ವಿಷಯ ಕೇಳು: ಆ ತೂತಿಗೆ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದಿತ್ತು. ತಂತಿ ತುಕ್ಕು ಹಿಡಿದು ಕಪ್ಪಾಗಿತ್ತು. ಅಂದರೆ ಯಾರೋ ಯಾವತ್ತೋ ಅಗೆದು, ನೋಡಿ, ಟ್ಯೂಬು ಸುತ್ತಿ, ಮಣ್ಣು ಮುಚ್ಚಿ ಹೋಗಿದ್ದಾರೆ. ಗೊತ್ತಿತ್ತು ಅಕ್ಕ! ನೀರು ಒಂದೇ ತಾನೇ ಎಂದವರಿಗೆ ಗೊತ್ತಿತ್ತು. ಇಂಜಿನಿಯರ್‌ಗೆ ಬಡ್ತಿ ಕೊಟ್ಟು ಬೇರೆ ಊರಿಗೆ ಎತ್ತಂಗಡಿ ಮಾಡಿದ್ದಾರೆ. ಆರೋಗ್ಯಾಧಿಕಾರಿ ರಜೆಯಲ್ಲಿದ್ದಾನೆ. ಇಷ್ಟೆಲ್ಲದರಲ್ಲಿ ಮೊಕದ್ದಮೆ ಬಿದ್ದಿರುವುದು ಒಬ್ಬಳ ಮೇಲೆ, ಸುಳ್ಳು ಚೀಟಿ ಬರೆದವಳ ಮೇಲೆ. ಅದು ಸರಿಯೇ, ಬರೆದಿದ್ದೇನೆ. ಆದರೆ ಕಟಕಟೆ ಅಷ್ಟು ಸಣ್ಣದಾ? ಒಬ್ಬಳು ನಿಂತರೆ ತುಂಬಿಹೋಗುವಷ್ಟು?

ಅತ್ತಿಗೆಯ ಅತ್ತೆ ನಿನ್ನೆ ಮನೆಗೆ ಬಂದಿದ್ದಳು. ಹೊಸ್ತಿಲಲ್ಲೇ ನಿಂತು ಹೇಳಿದಳು: "ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ. ನನ್ನ ಸೊಸೆ ಕೊಳಕಿ ಅಲ್ಲ ಅಂತ ಸರ್ಕಾರದ ಕಾಗದದಲ್ಲಿ ಬಂತಲ್ಲ, ಅದಕ್ಕೆ ಬಂದೆ. ಚೀಲ ಕೊಡು ಇಲ್ಲಿ." ಸೊಸೆಯ ಮಷೀನಿನಲ್ಲಿ ಆ ಬಿಟ್ಟುಹೋದ ಜೇಬು ಹೊಲಿದು ಸಂಜೆ ಕಳಿಸಿಕೊಟ್ಟಳು. ಹೊಲಿಗೆ ಸೊಟ್ಟಗಿದೆ. ಅವಳಿಗೆ ಹೊಲಿಯಲು ಬರುವುದಿಲ್ಲ.

ಮೇ ೯ಕ್ಕೆ ನನ್ನ ವಿಚಾರಣೆ. ವಕೀಲರು ತಪ್ಪೊಪ್ಪಿಗೆಯಲ್ಲಿ ‘ಅರಿಯದೆ’ ಎಂದು ಸೇರಿಸು ಎಂದರು. ಸೇರಿಸಲಿಲ್ಲ. ಕೊಳವೆ ಎಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತಲ್ಲ.

ಇದರ ಕೆಳಗೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೆ. ಆಮೇಲೆ ನಿನ್ನ ಪತ್ರ ಇನ್ನೊಮ್ಮೆ ಓದಿ, ಅದರ ಕೆಳಗೆ ಉದ್ದಕ್ಕೂ ಚುಕ್ಕಿ ಇಟ್ಟಿದ್ದೇನೆ. ಕೆಂಪು ಶಾಯಿ ಇರಲಿಲ್ಲ, ಇದ್ದದ್ದರಲ್ಲೇ ಅಂಚಿನಲ್ಲಿ ಮೂರಕ್ಷರವನ್ನೂ ಬರೆದಿದ್ದೇನೆ, ಸಹಿಯನ್ನೂ ಹಾಕಿದ್ದೇನೆ.

ನನಗೆ ತುಂಬ ಹೆದರಿಕೆಯಾಗುತ್ತಿದೆ, ಅಕ್ಕ. ಬಂದುಬಿಡು.

ಕಡ್ಡಿ